ಕ್ರಾಸ್ ಸ್ಟಿಚ್‌ಗೆ ಫ್ರೇಮ್ ಆರಿಸುವುದು: ಬಟ್ಟೆ ಅಳತೆಯಿಂದ ಸ್ಕ್ರೂ ಬಿಗಿಸುವವರೆಗೆ

ಬಟ್ಟೆ ಸಡಿಲಾಗುತ್ತದೆ. ಹೊಲಿಗೆ ಓರೆಯಾಗುತ್ತದೆ. ರಿಂಗ್ (ಒಂದರೊಳಗೊಂದು ಕೂರುವ ಎರಡು ಬಳೆಗಳ, ಸ್ಕ್ರೂನಿಂದ ಬಿಗಿಸುವ ದುಂಡು ಫ್ರೇಮ್) ತೆಗೆದ ಮೇಲೆ ದುಂಡನೆಯ ಕಲೆ ಉಳಿಯುತ್ತದೆ. ಕ್ರಾಸ್ ಸ್ಟಿಚ್ ಶುರು ಮಾಡಿದವರ ದೂರುಗಳಲ್ಲಿ ಈ ಮೂರು ಬಿಟ್ಟರೆ ಬೇರೆ ಕಮ್ಮಿ.

ಹೆಚ್ಚಿನವರು ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಕೈಬಿಡುತ್ತಾರೆ. ಕೈಗಿಂತ ಮೊದಲು ತಪ್ಪುವುದು ಕೆಲಸದ ಕ್ರಮ. ಅಂಗಡಿಗೆ ಹೋಗಿ ಕಣ್ಣಿಗೆ ಚೆಂದ ಕಂಡ ರಿಂಗ್ ತರುತ್ತಾರೆ, ಆಮೇಲೆ ಡಿಸೈನ್ ಹುಡುಕುತ್ತಾರೆ, ಕೊನೆಗೆ ಬಟ್ಟೆ ಕತ್ತರಿಸುತ್ತಾರೆ. ಇದನ್ನು ಪೂರ್ತಿ ತಿರುವಿ ಹಾಕಿ. ಡಿಸೈನ್, ಬಟ್ಟೆ, ಕೂರುವ ಜಾಗ ಮೂರೂ ಗಟ್ಟಿಯಾದ ಮೇಲೆ ಫ್ರೇಮ್ ಕೊಳ್ಳಬೇಕು.

"ನಮ್ಮ ಕಡೆ ಕಸೂತಿ ಹಾಕುವ ಅಜ್ಜಿಯರು ಫ್ರೇಮ್ ಇಲ್ಲದೆ ಕೈಯಲ್ಲೇ ಹಾಕುತ್ತಾರಲ್ಲ?" ಅಂತ ಕೇಳಬಹುದು. ನಿಜ, ಎಷ್ಟೋ ಮಂದಿ ಹಾಗೇ ಹಾಕುತ್ತಾರೆ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಸೂಜಿ ಗೆರೆಯ ಮೇಲೆ ಹೋಗಿ ಬರುತ್ತದೆ, ಬಟ್ಟೆ ಕೈಯಲ್ಲಿ ಬಾಗಿದರೆ ಅನುಕೂಲವೇ. ಮೆಂತಿ, ಅಂದರೆ ಕ್ರಾಸ್ ಹೊಲಿಗೆ, ಬಟ್ಟೆಯನ್ನು ಎರಡು ಓರೆ ದಿಕ್ಕಿಗೆ ಎಳೆಯುತ್ತದೆ. ಸೀರೆಯಲ್ಲಿ ಅದು ಅಲ್ಲಲ್ಲಿ ಬರುತ್ತದೆ. ಗೋಡೆಗೆ ಹಾಕುವ ಚಿತ್ರದಲ್ಲಿ ಇಡೀ ಬಟ್ಟೆ ಅದರಿಂದಲೇ ತುಂಬುತ್ತದೆ. ಪಳಗಿದ ಕೈ ಆ ಎಳೆತವನ್ನು ಸಂಭಾಳಿಸುತ್ತದೆ, ಹೊಸ ಕೈಗೆ ಫ್ರೇಮ್ ಬೇಕು.

ಮೊದಲು ಜೋಡಿಸಿಕೊಳ್ಳಿ

ಅಳತೆ ಟೇಪು, ಮ್ಯಾಟಿ ಬಟ್ಟೆ (ಚೌಕ ಚೌಕವಾಗಿ ಎಣಿಸಲು ಬರುವಂತೆ ನೇಯ್ದ ದಪ್ಪ ಬಟ್ಟೆ), ಮೊಂಡು ತುದಿಯ ಸೂಜಿ (14 ಕೌಂಟ್ ಬಟ್ಟೆಗೆ 24 ನಂಬರ್ ಸರಿ; ಕೌಂಟ್ ಅಂದರೇನು ಅಂತ ಹಂತ 1ರಲ್ಲಿದೆ), ಅರ್ಧ ಇಂಚು ಅಗಲದ ಹತ್ತಿ ಟೇಪು, ನುಣುಪಾದ ಪಾಲಿಶ್ ಪೇಪರ್ ಒಂದು ಹಾಳೆ, ಚಿಕ್ಕ ಸ್ಕ್ರೂಡ್ರೈವರ್, ತಿಳಿ ಬಣ್ಣದ ಹೊಲಿಗೆ ದಾರ. ಫ್ರೇಮ್ ಈ ಪಟ್ಟಿಯಲ್ಲಿ ಇನ್ನೂ ಇಲ್ಲ.

ಹಂತ 1: ಡಿಸೈನ್ ಎಷ್ಟು ಇಂಚು ಆಗುತ್ತದೆ, ಲೆಕ್ಕ ಹಾಕಿ

ಡಿಸೈನಿನ ಚಾರ್ಟಿನಲ್ಲಿ, ಅಂದರೆ ಚೌಕಗಳ ನಕ್ಷೆಯಲ್ಲಿ, ಅಗಲಕ್ಕೆ ಎಷ್ಟು ಹೊಲಿಗೆ, ಎತ್ತರಕ್ಕೆ ಎಷ್ಟು ಹೊಲಿಗೆ ಅಂತ ಬರೆದಿರುತ್ತದೆ. ಬಟ್ಟೆಯ ಕೌಂಟ್ ಅಂದರೆ ಒಂದು ಇಂಚಿನಲ್ಲಿ ಇರುವ ಚೌಕಗಳು. ಹೊಲಿಗೆಯ ಸಂಖ್ಯೆಯನ್ನು ಕೌಂಟ್‌ನಿಂದ ಭಾಗಿಸಿದರೆ ಇಂಚು ಸಿಗುತ್ತದೆ.

ಡಿಸೈನ್ 140 ಹೊಲಿಗೆ ಅಗಲ, 98 ಹೊಲಿಗೆ ಎತ್ತರ ಇದೆ ಅಂದುಕೊಳ್ಳಿ. 14 ಕೌಂಟ್ ಬಟ್ಟೆಯಲ್ಲಿ ಅದು 10 ಇಂಚು ಅಗಲ, 7 ಇಂಚು ಎತ್ತರ ಆಗುತ್ತದೆ. ಅದೇ ಡಿಸೈನ್ 11 ಕೌಂಟ್ ಬಟ್ಟೆಯಲ್ಲಿ ಸುಮಾರು 12.7 ಮತ್ತು 8.9 ಇಂಚು. ಬಟ್ಟೆ ಬದಲಾದರೆ ಫ್ರೇಮಿನ ಸೈಜೂ ಬದಲಾಗುತ್ತದೆ.

ಅಂಗಡಿಯವರು "14 ಕೌಂಟ್" ಅಂದರೂ ಸುಮ್ನೆ ನಂಬಬೇಡಿ. ಟೇಪು ಇಟ್ಟು ಒಂದು ಇಂಚಿನಲ್ಲಿ ಚೌಕ ಎಣಿಸಿ, ಅಡ್ಡಕ್ಕೂ ಉದ್ದಕ್ಕೂ. ಅಗ್ಗದ ಮ್ಯಾಟಿಯಲ್ಲಿ ಎರಡೂ ಒಂದೇ ಇರದೆ ಹೋಗಬಹುದು. ಹಾಗಿದ್ದರೆ ದುಂಡನೆಯ ಹೂವು ಮೊಟ್ಟೆಯಾಕಾರ ಆಗುತ್ತದೆ, ಯಾವ ಫ್ರೇಮೂ ಅದನ್ನು ಸರಿ ಮಾಡುವುದಿಲ್ಲ.

ಹಂತ 2: ಬಟ್ಟೆ ಕತ್ತರಿಸಿ, ನಡುಗೆರೆ ಹಾಕಿ

ಡಿಸೈನಿನ ನಾಲ್ಕೂ ಕಡೆ 3 ಇಂಚು ಬಿಡಿ. ಮೇಲಿನ 10 ಇಂಚು 7 ಇಂಚಿನ ಡಿಸೈನಿಗೆ 16 ಇಂಚು 13 ಇಂಚು ಬಟ್ಟೆ ಬೇಕು. ಬಟ್ಟೆ ಉಳಿಸಲು ಹೋಗಿ ಒಂದೇ ಇಂಚು ಬಿಡುವವರು ಜಾಸ್ತಿ. ಅಂಚಿನ ಹೊಲಿಗೆಗೆ ಬಂದಾಗ ರಿಂಗಿಗೆ ಹಿಡಿಯಲು ಬಟ್ಟೆಯೇ ಇರುವುದಿಲ್ಲ. ಆಮೇಲೆ ಗಾಜಿನ ಫ್ರೇಮಿಗೆ ಕೊಡುವಾಗಲೂ ಅದೇ ತೊಂದರೆ.

ಕತ್ತರಿಸಿದ ಅಂಚನ್ನು ಮಡಚಿ ದೊಡ್ಡ ಹೊಲಿಗೆ ಹಾಕಿ, ಇಲ್ಲವೇ ಟೇಲರ್ ಹತ್ತಿರ ಓವರ್‌ಲಾಕ್ ಮಾಡಿಸಿ. ಅಂಚಿಗೆ ಅಂಟಿನ ಟೇಪು ಹಚ್ಚಬೇಡಿ. ದಿನ ಕಳೆದಂತೆ ಅಂಟು ಬಟ್ಟೆಗೆ ಇಳಿದು ಹಳದಿಯಾಗುತ್ತದೆ.

ಇನ್ನು ನಡುಗೆರೆ. ಬಟ್ಟೆಯನ್ನು ಎರಡೂ ಕಡೆ ಅರ್ಧಕ್ಕೆ ಮಡಚಿ ನಡು ಹಿಡಿಯಿರಿ. ತಿಳಿ ಬಣ್ಣದ ದಾರದಿಂದ ಒಂದು ಉದ್ದಗೆರೆ, ಒಂದು ಅಡ್ಡಗೆರೆ, ಚೌಕಗಳ ಸಾಲು ಬಿಡದೆ ಕಚ್ಚಾ ಹೊಲಿಗೆ ಹಾಕಿ. ಎಣಿಕೆಗೆ ಅನುಕೂಲ ಅನ್ನುವುದು ಎಲ್ಲರಿಗೂ ಗೊತ್ತು. ಫ್ರೇಮಿಗೆ ಏರಿಸಿದ ಬಟ್ಟೆ ನೇರವಾಗಿದೆಯೋ ಇಲ್ಲವೋ ಅಂತ ಹೇಳುವುದೂ ಇವೇ ಗೆರೆಗಳು. ಹಂತ 7ರಲ್ಲಿ ಬೇಕಾಗುತ್ತವೆ, ಬಿಟ್ಟುಬಿಡಬೇಡಿ.

ಹಂತ 3: ಎಲ್ಲಿ ಕೂತು ಹಾಕುತ್ತೀರಿ?

ಈ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಫ್ರೇಮಿನ ಬಗೆ ಅರ್ಧದಷ್ಟು ಇದರ ಮೇಲೇ ನಿಲ್ಲುತ್ತದೆ.

ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ, ಹುಬ್ಬಳ್ಳಿ-ಧಾರವಾಡ ಸಿಟಿ ಬಸ್ಸಿನಲ್ಲಿ ಎರಡು ಸಾಲು ಹಾಕಿಕೊಳ್ಳುವವರಿಗೆ, ಮಗು ಮಲಗಿದಾಗ ಮಾತ್ರ ಕೈಗೆ ತೆಗೆದುಕೊಳ್ಳುವವರಿಗೆ ಕೈಯಲ್ಲಿ ಹಿಡಿಯುವ 6 ಅಥವಾ 7 ಇಂಚಿನ ರಿಂಗ್ ಸಾಕು. ಕುರ್ಚಿ ಮೇಲೆ ಕೂತು, ಮುಂದೆ ಟೇಬಲ್ ಇಟ್ಟುಕೊಂಡು, ಗಂಟೆಗಟ್ಟಲೆ ಹಾಕುವವರು ದೊಡ್ಡ ಚೌಕದ ಫ್ರೇಮಿಗೆ ಹೋಗಬಹುದು. ಅದರ ಅಂಚನ್ನು ಟೇಬಲ್ ಅಂಚಿಗೆ ಒರಗಿಸಿದರೆ ಕೈಗೆ ಭಾರ ಬೀಳುವುದಿಲ್ಲ.

ಒಂದು ಸುಲಭದ ಅಳತೆ ಇದೆ. ನಿಮ್ಮ ಹೆಬ್ಬೆರಳು ರಿಂಗಿನ ಅಂಚಿನ ಮೇಲೆ ಇರಲಿ, ಉಳಿದ ಬೆರಳುಗಳನ್ನು ಕೆಳಗಿನಿಂದ ಚಾಚಿ. ನಡು ಬೆರಳು ರಿಂಗಿನ ಮಧ್ಯಕ್ಕೆ ಹೆಚ್ಚುಕಮ್ಮಿ ಮುಟ್ಟಬೇಕು. ಮುಟ್ಟದಿದ್ದರೆ ಆ ರಿಂಗ್ ನಿಮ್ಮ ಕೈಗೆ ದೊಡ್ಡದು. ಹೆಚ್ಚಿನವರಿಗೆ 8 ಇಂಚಿನ ಮೇಲೆ ಕೈ ಸೋಲುತ್ತದೆ. 10 ಇಂಚು ಮತ್ತು ಅದಕ್ಕಿಂತ ದೊಡ್ಡದಕ್ಕೆ ಸ್ಟ್ಯಾಂಡ್ ಬೇಕು, ಅಥವಾ ಒರಗಿಸಲು ಜಾಗ ಬೇಕು.

ಹಂತ 4: ಬಗೆ ಆರಿಸಿ

*ಬಿದಿರು ಅಥವಾ ಮರದ ರಿಂಗ್.* ಎಲ್ಲ ಕಡೆ ಸಿಗುವುದು ಇದೇ. ಹಗುರ, ಅಗ್ಗ. ಆದರೆ ಒಂದರಿಂದ ಒಂದಕ್ಕೆ ಗುಣದಲ್ಲಿ ಬಹಳ ವ್ಯತ್ಯಾಸ. ಹವೆಗೂ ಬದಲಾಗುತ್ತದೆ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ತೇವ ಹೀರಿ ಉಬ್ಬುತ್ತದೆ, ಗದಗಿನ ಏಪ್ರಿಲ್ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಸ್ಕ್ರೂ ಪೂರ್ತಿ ಬಿಗಿಸಿದರೂ ಬಟ್ಟೆ ಜಾರುತ್ತಿದ್ದರೆ ಇದೂ ಒಂದು ಕಾರಣ.

*ಪ್ಲಾಸ್ಟಿಕ್ ರಿಂಗ್.* ಒಳ ರಿಂಗಿನ ಮೇಲೆ ಸಣ್ಣ ಏಣು ಇರುವುದನ್ನು ಆರಿಸಿ. ಹೊರ ರಿಂಗ್ ಆ ಏಣಿನ ಕೆಳಗೆ ಕೂರುತ್ತದೆ, ಬಟ್ಟೆ ಜಾರುವುದಿಲ್ಲ. ಮ್ಯಾಟಿಯಂಥ ದಪ್ಪ ಬಟ್ಟೆಗೆ ಸಾಧಾರಣ ಬಿದಿರಿನ ರಿಂಗಿಗಿಂತ ಇದು ವಾಸಿ. ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಸ್ಪ್ರಿಂಗ್ ಹಿಡಿಯ ರಿಂಗ್ ಹಾಕುವುದು ತೆಗೆಯುವುದು ಸುಲಭ, ಆದರೆ ಕ್ರಾಸ್ ಸ್ಟಿಚ್‌ನ ಎಳೆತಕ್ಕೆ ಬಟ್ಟೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಬೇಡ.

*ಪೈಪಿನ ಚೌಕದ ಫ್ರೇಮ್.* ಮೇಲಿನ 10 ಇಂಚು 7 ಇಂಚಿನ ಡಿಸೈನನ್ನೇ ನೋಡಿ. ಮೂಲೆಯಿಂದ ಮೂಲೆಗೆ ಅದು 12 ಇಂಚಿಗಿಂತ ಸ್ವಲ್ಪ ಜಾಸ್ತಿ. ಅಂದರೆ 12 ಇಂಚಿನ ದುಂಡು ರಿಂಗಿನಲ್ಲೂ ಪೂರ್ತಿ ಕೂರುವುದಿಲ್ಲ! ಒಂದೋ ಚಿಕ್ಕ ರಿಂಗ್ ಇಟ್ಟು ಜರುಗಿಸುತ್ತಾ ಹೋಗಬೇಕು, ಇಲ್ಲವೇ ಚೌಕದ ಫ್ರೇಮ್ ಬೇಕು. ಅದಕ್ಕೆ ಪ್ಲಾಸ್ಟಿಕ್ ಪೈಪಿನ ಫ್ರೇಮ್ ಒಳ್ಳೆಯದು. ರೆಡಿಮೇಡ್ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ಪಿವಿಸಿ ಪೈಪು, ನಾಲ್ಕು ಎಲ್ಬೋ (ಮೂಲೆಗೆ ಕೂರಿಸುವ ಬಾಗಿದ ತುಂಡು) ತನ್ನಿ. ಡಿಸೈನಿಗಿಂತ ಎರಡೆರಡು ಇಂಚು ದೊಡ್ಡದಾಗುವಂತೆ ನಾಲ್ಕು ತುಂಡು ಕತ್ತರಿಸಿ ಎಲ್ಬೋಗೆ ಸಿಕ್ಕಿಸಿ. ಸಲ್ಯೂಷನ್ (ಪೈಪಿನ ಅಂಟು) ಹಚ್ಚಬೇಡಿ, ಬಿಚ್ಚಿ ಚೀಲದಲ್ಲಿ ಇಡಲು ಬರಬೇಕು. ಬಟ್ಟೆಯನ್ನು ಪೈಪಿಗೆ ಹಿಡಿದಿಡುವ ನಾಲ್ಕು ಕ್ಲಿಪ್ಪಿಗೆ ಇದರ ಮೇಲೆ ಕೂರುವಂಥ ಒಂದು ಸೈಜು ದೊಡ್ಡ ಪೈಪಿನ ತುಂಡು ಬೇಕು. ಅದನ್ನು ಉದ್ದಕ್ಕೆ ಸೀಳಿ, ಕಾಲುಭಾಗದಷ್ಟು ಪಟ್ಟಿ ತೆಗೆದುಹಾಕಿ. ಉಳಿದದ್ದು ಬಟ್ಟೆ ಸಮೇತ ಪೈಪಿನ ಮೇಲೆ ಟಕ್ಕಂತ ಕೂರಬೇಕು. ಪೈಪಿನ ಅಳತೆಗಳು ಬೇರೆ ಬೇರೆ ಇರುವುದರಿಂದ ಅಂಗಡಿಯಲ್ಲೇ ಒಂದರ ಮೇಲೊಂದು ಇಟ್ಟು ನೋಡಿ. ಕತ್ತರಿಸಿದ ಅಂಚನ್ನೆಲ್ಲ ಪಾಲಿಶ್ ಪೇಪರಿನಿಂದ ಉಜ್ಜಿ. ಪೈಪಿನ ಮೇಲಿನ ಅಚ್ಚಿನ ಅಕ್ಷರಗಳನ್ನು ನೇಲ್ ಪಾಲಿಶ್ ರಿಮೂವರ್ ಹಾಕಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಆ ಶಾಯಿ ಬಿಳಿ ಮ್ಯಾಟಿಗೆ ಹತ್ತೀತು.

*ರೋಲರ್ ಫ್ರೇಮ್.* ಉದ್ದನೆಯ ದೊಡ್ಡ ಚಿತ್ರಕ್ಕೆ. ಮೇಲೆ ಕೆಳಗೆ ಎರಡು ಕೋಲು, ಅವಕ್ಕೆ ಹಚ್ಚಿದ ಪಟ್ಟಿಗೆ ಬಟ್ಟೆ ಹೊಲಿದು ಸುತ್ತುತ್ತಾ ಹೋಗುವುದು. ಚಿಕ್ಕ ಊರುಗಳಲ್ಲಿ ಸಿಗುವುದು ಕಷ್ಟ. ಬಡಿಗೇರರ ಹತ್ತಿರ ಮಾಡಿಸುವುದಾದರೆ ಒಣಗಿದ ಸಾಗವಾನಿ ಚೂರು ಕೇಳಿ. ಹಸಿ ಮರ ಆಮೇಲೆ ತಿರುಚಿಕೊಳ್ಳುತ್ತದೆ. ನೆನಪಿಡಬೇಕಾದ್ದು ಎರಡು. ಬಟ್ಟೆಯ ಅಗಲ ಕೋಲಿನ ಮೇಲಿನ ಪಟ್ಟಿಗಿಂತ ಕಡಿಮೆ ಇರಬೇಕು, ಉದ್ದ ಎಷ್ಟಾದರೂ ಇರಲಿ. ಮೇಲೆ ಕೆಳಗೆ ಬಿಗಿಯಾದರೂ ಎಡಬಲ ಸಡಿಲವೇ ಇರುತ್ತದೆ, ಆದ್ದರಿಂದ ಪಕ್ಕದ ಅಂಚುಗಳನ್ನು ಫ್ರೇಮಿನ ಕಂಬಕ್ಕೆ ದಾರದಿಂದ ಎಳೆದು ಕಟ್ಟಬೇಕು. ಇದು ಗೊತ್ತಿಲ್ಲದೆ "ರೋಲರ್ ಫ್ರೇಮ್ ವೇಸ್ಟ್" ಅನ್ನುವವರು ತುಂಬಾ ಮಂದಿ.

*ಆರಿ ಸ್ಟ್ಯಾಂಡ್.* ಕೊಕ್ಕೆ ಸೂಜಿಯ ಆರಿ ಕೆಲಸಕ್ಕೆ ಬಟ್ಟೆ ಬಿಗಿದು ನಿಲ್ಲಿಸುವ ಚೌಕಟ್ಟು. ಬ್ಲೌಸ್ ವರ್ಕ್ ಕಲಿತವರ ಮನೆಯಲ್ಲಿ ಇದು ಇದ್ದೇ ಇರುತ್ತದೆ. ಬಳಸಬಹುದು, ಎರಡೂ ಕೈ ಬಿಡುವಾಗುತ್ತವೆ. ಆದರೆ ಆರಿ ಕೆಲಸದಷ್ಟು ಬಿಗಿ ಮಾಡಬೇಡಿ. ಮ್ಯಾಟಿಯ ತೂತುಗಳು ಹಿಗ್ಗಿ, ತೆಗೆದ ಮೇಲೆ ಹೊಲಿಗೆ ಸಡಿಲ ಕಾಣುತ್ತದೆ.

ಹಂತ 5: ಅಂಗಡಿಯಲ್ಲಿ ಪರೀಕ್ಷೆ ಮಾಡಿ

ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಿನ ಗಲ್ಲಿಗಳಿರಲಿ, ಧಾರವಾಡದ ಸುಭಾಸ ರಸ್ತೆಯಿರಲಿ, ನಿಮ್ಮ ಓಣಿಯ ಮ್ಯಾಚಿಂಗ್ ಸೆಂಟರ್ ಇರಲಿ, ಹೋಗುವಾಗ ನಿಮ್ಮ ಮ್ಯಾಟಿಯದೇ ಒಂದು ತುಂಡು ಚೀಲದಲ್ಲಿರಲಿ. "ಅಣ್ಣಾ, ಒಂದ್ಸಲ ಬಟ್ಟೆ ಹಾಕಿ ನೋಡ್ಲೇನ್ರೀ?" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಮುಂದಿನ ಅಂಗಡಿಗೆ ಹೋಗಿ.

1. ಬಟ್ಟೆ ಇಲ್ಲದೆ ಎರಡೂ ರಿಂಗ್ ಕೂಡಿಸಿ, ಸ್ಕ್ರೂ ಬಿಗಿಸಿ, ಬೆಳಕಿಗೆ ಹಿಡಿಯಿರಿ. ಒಂದು ಕಡೆ ಬೆಳಕು ತೂರಿ ಬರುತ್ತದೆ, ಇನ್ನೊಂದು ಕಡೆ ಇಲ್ಲ ಅಂದರೆ ರಿಂಗ್ ದುಂಡಗಿಲ್ಲ. ಬಟ್ಟೆ ಅಲ್ಲೇ ಜಾರುವುದು. ವಾಪಸ್ ಇಡಿ.

2. ಸೆರಗಿನ ತುದಿ ಅಥವಾ ಓಢಣಿಯಿಂದ ರಿಂಗಿನ ಒಳಹೊರಗೆ ಸವರಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಸಿಬಿರು ಇದೆ. ಒಂದೆರಡು ಕಡೆ ಆದರೆ ಪಾಲಿಶ್ ಪೇಪರಿನಿಂದ ಹೋಗುತ್ತದೆ, ಎಲ್ಲಾ ಕಡೆ ಇದ್ದರೆ ಬೇಡ.

3. ಸ್ಕ್ರೂ ನೋಡಿ. ಹಿತ್ತಾಳೆಯದ್ದು ಒಳ್ಳೆಯದು. ಕಬ್ಬಿಣದ್ದಾದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದು ಬಲು ಕಷ್ಟ. ಒಂದು ಅಯಸ್ಕಾಂತ ಇದ್ದರೆ ಅಲ್ಲೇ ಗೊತ್ತಾಗುತ್ತದೆ, ಹಿತ್ತಾಳೆ ಅಂಟುವುದಿಲ್ಲ. ಹಿತ್ತಾಳೆ ಬಣ್ಣ ಲೇಪಿಸಿದ ಕಬ್ಬಿಣ ಅಂಟುತ್ತದೆ.

4. ಈಗ ನಿಮ್ಮ ಬಟ್ಟೆ ಹಾಕಿ ಬಿಗಿಸಿ. ಬಿಗಿಸಿದ ಮೇಲೂ ಸ್ಕ್ರೂನಲ್ಲಿ ಇನ್ನೂ ಕೆಲವು ಸುತ್ತು ಉಳಿದಿರಬೇಕು. ಪೂರ್ತಿ ಮುಗಿದುಹೋದರೆ ಬೇಸಿಗೆಯಲ್ಲಿ ಬಿಗಿಸಲು ಏನೂ ಉಳಿಯುವುದಿಲ್ಲ. ಅಂಚಿನ ಬಟ್ಟೆ ಹಿಡಿದು ಮೆಲ್ಲಗೆ ಎಳೆಯಿರಿ, ಜಾರಬಾರದು.

5. ಒಳಗಿನ ಜಾಗವನ್ನು ಟೇಪಿನಿಂದ ಅಳೆಯಿರಿ. ಚೀಟಿಯಲ್ಲಿ 8 ಇಂಚು ಅಂತಿದ್ದರೂ ಹೊಲಿಯಲು ಅಷ್ಟು ಸಿಗುವುದಿಲ್ಲ. ಅಂಚಿನಿಂದ ಅರ್ಧ ಇಂಚಿನೊಳಗೆ ಸೂಜಿ ಆಡಿಸುವುದೂ ಕಷ್ಟ, ಅದನ್ನೂ ಕಳೆಯಿರಿ.

ಬೆಲೆ ಬಗ್ಗೆ ಒಂದು ಮಾತು. ಮೂರು ಸೈಜಿನ ಸೆಟ್ಟು ಅಗ್ಗಕ್ಕೆ ಸಿಗುತ್ತದೆ ಅಂತ ತರುವುದಕ್ಕಿಂತ ಸರಿಯಾದ ಸೈಜಿನ ಒಂದು ಗಟ್ಟಿ ರಿಂಗ್ ಲೇಸು. ಸೆಟ್ಟಿನಲ್ಲಿ ಎರಡು ಸಾಮಾನ್ಯವಾಗಿ ಡಬ್ಬಿಯಲ್ಲೇ ಉಳಿಯುತ್ತವೆ.

ಹಂತ 6: ಒಳ ರಿಂಗಿಗೆ ಟೇಪು ಸುತ್ತಿ

ಬಿದಿರಿನ ರಿಂಗ್ ತಂದವರು ಈ ಹಂತ ದಾಟಲೇಬಾರದು. ಬಟ್ಟೆ ಜಾರುವ ತೊಂದರೆ ಬಹುಪಾಲು ಇಲ್ಲೇ ಮುಗಿಯುತ್ತದೆ.

ಹತ್ತಿ ಟೇಪಿನ ತುದಿಯನ್ನು ಒಳ ರಿಂಗಿನ ಒಳಮೈಗೆ ಇಟ್ಟು, ಓರೆಯಾಗಿ ಸುತ್ತುತ್ತಾ ಬನ್ನಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಎಳೆದು ಸುತ್ತಿ, ನೆರಿಗೆ ಬರಬಾರದು. ಕೊನೆಯ ತುದಿಯನ್ನು ಒಳಮೈಯಲ್ಲೇ ಸೂಜಿ ದಾರದಿಂದ ಹೊಲಿದು ಬಿಡಿ, ಅಂಟು ಬೇಡ. ಹೊರಮೈಯಲ್ಲಿ ಹೊಲಿಗೆಯ ಗಂಟು ಬಂದರೆ ಅದು ಬಟ್ಟೆಯನ್ನು ಒತ್ತುತ್ತದೆ. ಟೇಪು ಸಿಗದಿದ್ದರೆ ಹಳೆಯ ಬಿಳಿ ಧೋತರದ ಪಟ್ಟಿ ಆಗುತ್ತದೆ. ಬಣ್ಣದ ಬಟ್ಟೆ ಮಾತ್ರ ಬೇಡ, ಬೆವರಿಗೆ ಬಣ್ಣ ಬಿಡುತ್ತದೆ.

ಟೇಪು ಸುತ್ತಿದ ಮೇಲೆ ಒಳ ರಿಂಗ್ ದಪ್ಪವಾಗುತ್ತದೆ. ಅದಕ್ಕೇ ಸ್ಕ್ರೂ ಉದ್ದ ಇರಬೇಕು.

ಹಂತ 7: ಬಟ್ಟೆ ಏರಿಸಿ

ತೊಡೆಯ ಮೇಲೆ ಇಟ್ಟು ಏರಿಸಬೇಡಿ. ಸಮತಟ್ಟಾದ ಟೇಬಲ್ ಅಥವಾ ನೆಲ ಬೇಕು.

1. ಕೈ ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಒಳ ರಿಂಗ್ ಕೆಳಗೆ, ಬಟ್ಟೆ ಮೇಲೆ, ಸ್ಕ್ರೂ ಸಡಿಲಿಸಿದ ಹೊರ ರಿಂಗ್ ಅದರ ಮೇಲೆ.

2. ಹೊರ ರಿಂಗನ್ನು ಎದುರುಬದುರು ಎರಡು ಕಡೆ ಒಟ್ಟಿಗೆ ಒತ್ತಿ ಇಳಿಸಿ. ಬಲವಂತ ಮಾಡಬೇಕಾಗಿ ಬಂದರೆ ಸ್ಕ್ರೂ ಇನ್ನೂ ಸಡಿಲಿಸಿ.

3. ಸ್ಕ್ರೂ ಅರ್ಧ ಬಿಗಿಸಿ. ಈಗ ಬಟ್ಟೆ ಎಳೆಯಿರಿ: ಮೊದಲು ಮೇಲೆ ಮತ್ತು ಕೆಳಗೆ, ಆಮೇಲೆ ಎಡ ಮತ್ತು ಬಲ. ಎಳೆಯ ನೇರಕ್ಕೆ ಮಾತ್ರ. ಮೂಲೆ ಹಿಡಿದು ಓರೆಗೆ ಎಳೆದರೆ ಚೌಕಗಳು ಶಂಕರಪೋಳಿ ಆಕಾರಕ್ಕೆ ತಿರುಗುತ್ತವೆ. ಹೊಲಿಗೆ ಓರೆ ಬರುವ ದೂರಿನ ಮೂಲ ಹೆಚ್ಚಾಗಿ ಇದೇ.

4. ನಡುಗೆರೆ ನೋಡಿ. ಎರಡೂ ಗೆರೆ ನೇರವಾಗಿ, ಒಂದಕ್ಕೊಂದು ಮೂಲೆಮಟ್ಟವಾಗಿ ಇರಬೇಕು. ಗೆರೆ ಬಿಲ್ಲಿನಂತೆ ಬಾಗಿದ್ದರೆ ಬಾಗಿದ ಕಡೆ ಎಳೆತ ಜಾಸ್ತಿಯಾಗಿದೆ. ಸ್ಕ್ರೂ ಸಡಿಲಿಸಿ ಮತ್ತೆ ಎಳೆಯಿರಿ.

5. ಸ್ಕ್ರೂ ಪೂರ್ತಿ ಬಿಗಿಸಿ. ಪ್ಲಾಸ್ಟಿಕ್ ರಿಂಗಿಗೆ ಬೆರಳಿನ ಬಿಗಿ ಸಾಕು. ಮರದ್ದಕ್ಕೆ ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ಹೆಚ್ಚು. ಬಿಗಿಸಿದ ಮೇಲೆ ಬಟ್ಟೆ ಎಳೆಯಬೇಡಿ, ಹರಿಯದಿದ್ದರೂ ಎಳೆ ಸರಿಯುತ್ತದೆ.

ಎಷ್ಟು ಬಿಗಿ? ನಡುವೆ ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಿ, ಬಿಟ್ಟ ತಕ್ಷಣ ಮೇಲೇಳಬೇಕು. ತಗ್ಗಿದಲ್ಲೇ ನಿಂತರೆ ಸಡಿಲ. ತೂತುಗಳು ಮೊದಲಿಗಿಂತ ದೊಡ್ಡದಾಗಿ ಕಂಡರೆ ಬಿಗಿ ಜಾಸ್ತಿ. ಬಿಗಿ ಬಟ್ಟೆಯಲ್ಲಿ ಸೂಜಿಯನ್ನು ಮೇಲಿನಿಂದ ಚುಚ್ಚಿ ಕೆಳಗೆ ಎಳೆಯಬೇಕು, ಮತ್ತೆ ಕೆಳಗಿನಿಂದ ಮೇಲಕ್ಕೆ. ಒಂದೇ ಸಲಕ್ಕೆ ಒಳಹೊರಗೆ ತೆಗೆಯುವ ಅಭ್ಯಾಸ ಇದ್ದವರು ಬಿಗಿಯನ್ನು ಸ್ವಲ್ಪ ಇಳಿಸಿಕೊಳ್ಳಲಿ, ಇಲ್ಲವೇ ಹೊಸ ರೀತಿ ಕಲಿಯಲಿ. ಎರಡನೆಯದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬಲಗೈಯವರು ಸ್ಕ್ರೂವನ್ನು ಗಡಿಯಾರದ 10 ಗಂಟೆಯ ಜಾಗಕ್ಕೆ, ಎಡಗೈಯವರು 2 ಗಂಟೆಯ ಜಾಗಕ್ಕೆ ತಿರುಗಿಸಿಕೊಳ್ಳಿ. ದಾರ ಅದಕ್ಕೆ ಸಿಕ್ಕಿಕೊಳ್ಳುವುದು ನಿಲ್ಲುತ್ತದೆ.

ಪೈಪಿನ ಫ್ರೇಮಿನಲ್ಲಿ ಎದುರುಬದುರು ಕ್ಲಿಪ್ ಕೂರಿಸಿ, ನಾಲ್ಕೂ ಆದ ಮೇಲೆ ಒಂದೊಂದನ್ನೇ ಹೊರಗಿನ ಕಡೆಗೆ ತಿರುಗಿಸಿ. ಬಟ್ಟೆ ತಾನಾಗಿ ಬಿಗಿಯಾಗುತ್ತದೆ.

ಸೀರೆ, ಬ್ಲೌಸ್ ತೋಳು, ಚಿಕ್ಕ ತುಂಡು

ಇಳಕಲ್ ಸೀರೆಯ ಸೆರಗು ಅಥವಾ ರೇಷ್ಮೆ ಬ್ಲೌಸ್ ಮೇಲೆ ಹಾಕುವಾಗ ಹೊರ ರಿಂಗಿಗೂ ಟೇಪು ಸುತ್ತಿ. ರೇಷ್ಮೆಯ ಮೇಲೆ, ಹೊರ ರಿಂಗಿನ ಕೆಳಗೆ ತೆಳುವಾದ ಹಳೆ ಹತ್ತಿ ಬಟ್ಟೆ ಒಂದು ಪದರ ಹಾಸಿ, ಬಿಗಿಸಿದ ಮೇಲೆ ಆ ಹತ್ತಿ ಬಟ್ಟೆಯ ನಡುವಿನ ಭಾಗವನ್ನು ಮಾತ್ರ ಕಿಟಕಿಯಂತೆ ಎಚ್ಚರದಿಂದ ಕತ್ತರಿಸಿ ತೆಗೆಯಿರಿ. ರೇಷ್ಮೆಗೆ ಹೊರ ರಿಂಗ್ ನೇರವಾಗಿ ತಾಗುವುದಿಲ್ಲ.

ಅಂಚಿನ ಹತ್ತಿರದ ಡಿಸೈನಿಗೆ ರಿಂಗ್ ಹಿಡಿಯದಿದ್ದರೆ ಅಂಚಿಗೆ ಬೇರೆ ಹತ್ತಿ ಬಟ್ಟೆಯ ಪಟ್ಟಿ ಕಚ್ಚಾ ಹೊಲಿದು ಅಗಲ ಮಾಡಿಕೊಳ್ಳಿ, ಕೆಲಸ ಮುಗಿದ ಮೇಲೆ ಬಿಚ್ಚಿ. ಚಿಕ್ಕ ತುಂಡಿಗೂ ಇದೇ ಉಪಾಯ.

ಹಂತ 8: ಜರುಗಿಸುವುದು, ತೆಗೆಯುವುದು, ತೊಳೆಯುವುದು

ಚಿಕ್ಕ ರಿಂಗ್ ಜರುಗಿಸುವಾಗ ಹಾಕಿದ ಹೊಲಿಗೆಯ ಮೇಲೆ ರಿಂಗ್ ಬರುತ್ತದೆ. ಟೇಪು ಸುತ್ತಿದ್ದರೆ ಸಾಧಾರಣ ಹೊಲಿಗೆಗೆ ತೊಂದರೆ ಇಲ್ಲ, ಒಗೆದಾಗ ಮತ್ತೆ ಉಬ್ಬುತ್ತದೆ. ಮಣಿ, ಟಿಕ್ಲಿ ಹಚ್ಚಿದ ಜಾಗದ ಮೇಲೆ ಮಾತ್ರ ರಿಂಗ್ ಇಡಬೇಡಿ. ಅಂಥ ಡಿಸೈನಿನಲ್ಲಿ ಮಣಿಗಳನ್ನು ಕೊನೆಗೆ ಹಚ್ಚಿ.

ಪ್ರತಿ ದಿನ ಕೆಲಸ ಮುಗಿದ ಮೇಲೆ ರಿಂಗ್ ತೆಗೆಯಿರಿ. ಬೇಸರದ ಕೆಲಸ, ಗೊತ್ತು. ಹಾಗೇ ಬಿಟ್ಟರೆ ಕೈಯ ಎಣ್ಣೆ, ಬೆವರು, ನಮ್ಮ ಎರೆ ಮಣ್ಣಿನ ಧೂಳು ಮೂರೂ ರಿಂಗಿನ ಅಂಚಿನಲ್ಲಿ ಸೇರಿ ಕಂದು ಬಳೆ ಮೂಡುತ್ತದೆ. ಪೈಪಿನ ಫ್ರೇಮಿನಲ್ಲಿ ಕ್ಲಿಪ್ ಒಳಕ್ಕೆ ತಿರುಗಿಸಿ ಸಡಿಲ ಬಿಟ್ಟು, ಹಳೆ ದಿಂಬಿನ ಚೀಲದಲ್ಲಿ ಹಾಕಿಟ್ಟರೆ ಸಾಕು.

ಕಂದು ಬಳೆ ಬಂದೇಬಿಟ್ಟರೆ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಬಿಸಿ ತಾಗಿದರೆ ಕಲೆ ಕೂತುಬಿಡುತ್ತದೆ. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಗಾಢ ಬಣ್ಣದ ದಾರದ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ತಣ್ಣೀರಿನಲ್ಲಿ ಸೌಮ್ಯ ಸೋಪು ಹಾಕಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ನೀರು ತೆಗೆಯಿರಿ. ಇನ್ನೂ ಸ್ವಲ್ಪ ತೇವ ಇರುವಾಗ ಟವೆಲ್ಲಿನ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಇಸ್ತ್ರಿ ಮಾಡಿ.

ಇವು ಕಂಡರೆ ನಿಲ್ಲಿಸಿ

ಹೊಲಿಗೆಯ ಸುತ್ತ ಬಟ್ಟೆ ಸುಕ್ಕುಗಟ್ಟುತ್ತಿದೆ: ಬಟ್ಟೆ ಸಡಿಲ, ದಾರ ಬಿಗಿ. ಮುಂದುವರಿಸಬೇಡಿ, ಮತ್ತೆ ಏರಿಸಿ.

ಹತ್ತು ನಿಮಿಷಕ್ಕೊಮ್ಮೆ ಬಿಗಿಸಬೇಕಾಗುತ್ತಿದೆ: ಟೇಪು ಸುತ್ತಿಲ್ಲ, ಅಥವಾ ರಿಂಗ್ ದುಂಡಗಿಲ್ಲ. ಹಂತ 5ರ ಮೊದಲ ಪರೀಕ್ಷೆ ಮತ್ತೊಮ್ಮೆ ಮಾಡಿ.

ಸ್ಕ್ರೂ ಹತ್ತಿರ ಹೊರ ರಿಂಗಿನಲ್ಲಿ ಕೂದಲೆಳೆಯ ಬಿರುಕು: ಇಂದಲ್ಲ ನಾಳೆ ಮುರಿಯುತ್ತದೆ, ಮುರಿದ ಸಿಬಿರು ಬಟ್ಟೆಗೇ ತಾಗುತ್ತದೆ. ಅಂಟು ಹಾಕಿ ಎಳೆದಾಡಬೇಡಿ, ಬದಲಿಸಿ.

ಹಿಡಿದ ಕೈಯ ಬೆರಳು ಜೋಮು ಹಿಡಿಯುತ್ತಿದೆ, ಮಣಿಕಟ್ಟು ನೋಯುತ್ತಿದೆ: ರಿಂಗ್ ದೊಡ್ಡದು, ಇಲ್ಲವೇ ಹಿಡಿತ ಬಿಗಿ. ಅವತ್ತಿನ ಮಟ್ಟಿಗೆ ಕೆಲಸ ಬಿಡಿ. ಮರುದಿನ ಒಂದು ಸೈಜು ಚಿಕ್ಕ ರಿಂಗ್ ಬಳಸಿ, ಅಥವಾ ತೊಡೆಯ ಮೇಲೆ ದಿಂಬು ಇಟ್ಟು ರಿಂಗಿನ ಅಂಚನ್ನು ಅದಕ್ಕೆ ಒರಗಿಸಿ. ಆಮೇಲೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ.